ಅರ್ಧ ರೆಕ್ಕೆಯಿಂದ ಪ್ರಯೋಜನವೇನು?

ಪ್ರಾಣಿಗಳಲ್ಲಿಯೂ ಕೀಟಗಳಲ್ಲಿಯೂ ಹಾರಾಟವು ಬೆಳೆದುಬಂದ ಬಗೆ



ನೆಲದ ಮೇಲೆ ನಡೆಯುವ, ಮರವನ್ನು ಹತ್ತುವ, ನೀರಿನಲ್ಲಿ ಈಜುವ ಜೀವಿಗಳ ಜಾತಿಗಳು ಎಣಿಕೆಗೆ ಮೀರಿರುತ್ತವೆ. ಆದರೆ ಸ್ವಂತ ಬಲದಿಂದ ರೆಕ್ಕೆ ಬಡಿದು ಗಾಳಿಯಲ್ಲಿ ಸಂಚರಿಸುವ ಶಕ್ತಿಯನ್ನು ಪಡೆದ ವಂಶಗಳು ಈ ಭೂಮಿಯ ಚರಿತ್ರೆಯಲ್ಲೆಲ್ಲಾ ನಾಲ್ಕೇ ನಾಲ್ಕು. ಅವು ಯಾವುವೆಂದರೆ: ಕೀಟಗಳು, ಟೆರೋಸಾರ್‌ಗಳೆಂಬ ಹಾರುವ ಸರೀಸೃಪಗಳು, ಪಕ್ಷಿಗಳು ಮತ್ತು ಬಾವಲಿಗಳು. ಇವುಗಳಲ್ಲಿ ಎರಡನೆಯದು ಸುಮಾರು ೬ ಕೋಟಿ ೬೦ ಲಕ್ಷ ವರ್ಷಗಳ ಹಿಂದೆಯೇ ಅಳಿದುಹೋಯಿತು. ಉಳಿದ ಮೂರನ್ನೂ ಚಾಮರಾಜನಗರ, ಗುಂಡ್ಲುಪೇಟೆಗಳ ಸೀಮೆಯಲ್ಲಿ ಹುಟ್ಟಿ ಬೆಳೆದ ನೀವು ದಿನವೂ ಕಾಣುತ್ತೀರಿ. ಸೂರ್ಯಕಾಂತಿಯ ಹೊಲದಲ್ಲಿ ಜೇನುನೊಣ, ಹುಣಿಸೆಯ ಮರದಲ್ಲಿ ಕಾಗೆ, ಸಂಜೆಯ ಆಕಾಶದಲ್ಲಿ ಬಾವಲಿ ಇವು ನಮಗೆ ಎಷ್ಟು ಪರಿಚಿತವಾಗಿವೆಯೆಂದರೆ, ಇವು ಹೇಗೆ ಹಾರಲಾರಂಭಿಸಿದವು ಎಂದು ಕೇಳಲು ನಾವು ಮರೆತೇಬಿಟ್ಟಿದ್ದೇವೆ.

ಜೀವವಿಕಾಸದ ಪಾಠವನ್ನು ಹೇಳುವಾಗ ತರಗತಿಯಲ್ಲಿ ಹೆಚ್ಚು ಕಡಿಮೆ ಪ್ರತಿ ವರ್ಷವೂ ಒಂದು ಪ್ರಶ್ನೆ ಏಳುತ್ತದೆ. "ಅಮ್ಮಾ, ಪೂರ್ಣವಾದ ರೆಕ್ಕೆಯಿಂದ ಹಾರಬಹುದು, ಸರಿ. ಆದರೆ ರೆಕ್ಕೆಯು ಸ್ವಲ್ಪ ಸ್ವಲ್ಪವಾಗಿ ಬೆಳೆದುಬಂದಿತೆಂದರೆ, ಅರ್ಧ ರೆಕ್ಕೆಯಿದ್ದ ಪ್ರಾಣಿಗೆ ಅದರಿಂದ ಏನು ಪ್ರಯೋಜನ? ಓಡುವುದಕ್ಕೂ ಅಡ್ಡಿ, ಹಾರುವುದಕ್ಕೂ ಆಗದು." ಇದು ಮಂದಬುದ್ಧಿಯ ಪ್ರಶ್ನೆಯಲ್ಲ. ಚಾರ್ಲ್ಸ್ ಡಾರ್ವಿನ್ನನು ೧೮೫೯ರಲ್ಲಿ ಜೀವಜಾತಿಗಳ ಉಗಮವನ್ನು ಕುರಿತ ತನ್ನ ಗ್ರಂಥವನ್ನು ಪ್ರಕಟಿಸಿದಾಗ, ತನ್ನ ಸಿದ್ಧಾಂತಕ್ಕೆ ಒದಗುವ ತೊಡಕುಗಳಿಗಾಗಿಯೇ ಒಂದು ಅಧ್ಯಾಯವನ್ನು ಮೀಸಲಿಟ್ಟು, ಅದರಲ್ಲಿ ಬಾವಲಿಯ ರೆಕ್ಕೆಯನ್ನೂ ಚರ್ಚಿಸಿದನು. ಸೇಂಟ್ ಜಾರ್ಜ್ ಮೈವರ್ಟ್ ಎಂಬ ಪ್ರಾಣಿಶಾಸ್ತ್ರಜ್ಞನು ೧೮೭೧ರಲ್ಲಿ ಇಂತಹ ಆಕ್ಷೇಪಣೆಯನ್ನೇ ಬಲವಾಗಿ ಎತ್ತಿದನು. ಡಾರ್ವಿನ್ನನು ೧೮೭೨ರ ಮುದ್ರಣದಲ್ಲಿ ಅದಕ್ಕೆ ಉತ್ತರ ಕೊಟ್ಟನು. ಆದುದರಿಂದ ಈ ಪ್ರಶ್ನೆಯನ್ನೇ ಕೈದೀವಿಗೆಯಾಗಿ ಹಿಡಿದು ಮುಂದೆ ಹೋಗೋಣ.

ಅದಕ್ಕೆ ಮುಂಚೆ ಒಂದು ಮಾತನ್ನು ನೆನಪಿನಲ್ಲಿಡಿರಿ. ಯಾವ ಪ್ರಾಣಿಯೂ ಹಾರಬೇಕೆಂದು ಬಯಸಿ ರೆಕ್ಕೆಯನ್ನು ಬೆಳೆಸಿಕೊಳ್ಳಲಿಲ್ಲ. ಒಂದೇ ತಾಯಿಯ ಮಕ್ಕಳಲ್ಲಿಯೂ ಅಲ್ಪಸ್ವಲ್ಪ ವ್ಯತ್ಯಾಸಗಳಿರುತ್ತವೆ. ಅವುಗಳಲ್ಲಿ ಕೆಲವು ಮುಂದಿನ ಸಂತತಿಗೂ ಇಳಿದುಬರುತ್ತವೆ. ಬದುಕುವುದಕ್ಕೂ ಮರಿಗಳನ್ನು ಬೆಳೆಸುವುದಕ್ಕೂ ಅನುಕೂಲವಾದ ವ್ಯತ್ಯಾಸವುಳ್ಳವು ಹೆಚ್ಚು ಮರಿಗಳನ್ನು ಬಿಟ್ಟುಹೋಗುತ್ತವೆ. ಇದು ಲಕ್ಷಾಂತರ ತಲೆಮಾರುಗಳವರೆಗೆ ನಡೆದರೆ ರೂಪವೇ ಮಾರ್ಪಡುತ್ತದೆ. ಪ್ರತಿಯೊಂದು ಮೆಟ್ಟಿಲೂ ಆಯಾ ಕಾಲದಲ್ಲಿ ತನ್ನ ಅನ್ನವನ್ನು ತಾನೇ ಸಂಪಾದಿಸಬೇಕು. ಮುಂದೆಂದೋ ರೆಕ್ಕೆಯಾಗುವೆನೆಂಬ ಭರವಸೆಯ ಮೇಲೆ ಯಾವ ಅವಯವವೂ ಉಳಿಯಲಾರದು.

೧. ಜಾರುವುದಕ್ಕೂ ಹಾರುವುದಕ್ಕೂ ಇರುವ ಭೇದ

ನಮ್ಮ ಮನೆಯ ಹಿತ್ತಿಲಲ್ಲಿ ಓಡಾಡುವ ಮೂರು ಗೆರೆಯ ಅಳಿಲನ್ನು ಮೊದಲು ನೋಡಿರಿ. ಅದು ಕೊಂಬೆಯಿಂದ ಕೊಂಬೆಗೆ ನೆಗೆಯುವಾಗ ಬಾಲವನ್ನು ಕೆದರಿ ಮೈಯನ್ನು ಹರಡಿಕೊಳ್ಳುತ್ತದೆ. ಬಿಳಿಗಿರಿರಂಗನ ಬೆಟ್ಟದ ಕಾಡಿಗೆ ಹೋದರೆ ಕೆಂದಳಿಲನ್ನು ಕಾಣಬಹುದು. ಅದು ನೆಲಕ್ಕೆ ಇಳಿಯುವುದೇ ಅಪರೂಪ. ಎತ್ತರದ ಮರಗಳ ತುದಿಯಲ್ಲಿ ದೊಡ್ಡ ದೊಡ್ಡ ನೆಗೆತಗಳನ್ನು ನೆಗೆಯುತ್ತದೆ. ಅದೇ ಬೆಟ್ಟದಲ್ಲಿಯೂ ಬಂಡೀಪುರದ ಕಾಡಿನಲ್ಲಿಯೂ ರಾತ್ರಿಯ ವೇಳೆ ಹೊರಡುವ ಮೂರನೆಯದೊಂದುಂಟು. ಅದೇ ಹಾರುವ ಅಳಿಲು. ಮಲೆನಾಡಿನವರು ಇದನ್ನು ಹಾರುಬೆಕ್ಕು ಎನ್ನುತ್ತಾರೆ. ಇದರ ಮುಂಗೈಯ ಮಣಿಕಟ್ಟಿನಿಂದ ಹಿಂಗಾಲಿನ ಹರಡಿನವರೆಗೆ ಎರಡು ಪಕ್ಕಗಳಲ್ಲಿಯೂ ಸಡಿಲವಾದ ತೊಗಲಿನ ಪೊರೆಯಿದೆ. ಮಣಿಕಟ್ಟಿನಿಂದ ಹೊರಟ ಒಂದು ಮೃದ್ವಸ್ಥಿಯ ಕಡ್ಡಿಯು ಪೊರೆಯ ಅಂಚನ್ನು ಕೊಡೆಯ ಕಡ್ಡಿಯಂತೆ ಅಗಲಿಸುತ್ತದೆ. ಎತ್ತರದ ಮರದಿಂದ ಕಾಲುಗಳನ್ನು ಚಾಚಿ ಧುಮುಕಿದರೆ, ಗಾಳಿಯ ಮೇಲೆ ಜಾರುತ್ತ ದೂರದ ಮರದ ಬುಡದ ಕಡೆಗೆ ಹೋಗಿ ಸೇರುತ್ತದೆ.

ಇದು ಹಾರಾಟವಲ್ಲ, ಜಾರಾಟ. ಹಾರುವ ಪ್ರಾಣಿಯು ರೆಕ್ಕೆಯನ್ನು ಬಡಿದು ಗಾಳಿಯನ್ನು ಕೆಳಕ್ಕೂ ಹಿಂದಕ್ಕೂ ನೂಕಿ, ತಾನು ಮೇಲಕ್ಕೂ ಮುಂದಕ್ಕೂ ಹೋಗುತ್ತದೆ. ಜಾರುವ ಪ್ರಾಣಿಗೆ ಆ ಬಲವಿಲ್ಲ. ತಾನು ಹತ್ತಿದ್ದ ಎತ್ತರವನ್ನು ಸ್ವಲ್ಪ ಸ್ವಲ್ಪವಾಗಿ ಖರ್ಚು ಮಾಡಿ ದೂರವನ್ನು ಕೊಂಡುಕೊಳ್ಳುತ್ತದೆ. ಆದರೂ ಇದರ ಲಾಭವನ್ನು ಯೋಚಿಸಿರಿ. ಪೊರೆಯು ಒಂದಂಗುಲ ಅಗಲವಾಗಿದ್ದರೂ ಬೀಳುವ ವೇಗವು ಕೊಂಚ ತಗ್ಗುತ್ತದೆ. ಎರಡಂಗುಲವಾದರೆ ಇನ್ನೂ ಒಂದು ಮೊಳ ಆಚೆಯ ಕೊಂಬೆ ಸಿಕ್ಕುತ್ತದೆ. ಅಳಿಲುಗಳಲ್ಲಿ ಬಾಲ ಮಾತ್ರ ಸ್ವಲ್ಪ ಚಪ್ಪಟೆಯಾದವು, ಪಕ್ಕದ ತೊಗಲು ತುಸು ಸಡಿಲವಾದವು, ಪೂರ್ಣ ಪೊರೆಯುಳ್ಳವು ಎಂದು ಹಲವು ಮೆಟ್ಟಿಲುಗಳಿರುವುದನ್ನು ಡಾರ್ವಿನ್ನನೇ ತೋರಿಸಿಕೊಟ್ಟನು. ಕೆಂದಳಿಲು ಹಾರುವ ಅಳಿಲಿನ ಅಜ್ಜಿಯೆಂದು ತಿಳಿಯಬಾರದು. ಅವು ದಾಯಾದಿಗಳು. ಆದರೆ ಪ್ರತಿ ಮೆಟ್ಟಿಲಿನಲ್ಲಿಯೂ ಒಂದು ಪ್ರಾಣಿ ಸುಖವಾಗಿ ಬದುಕಬಲ್ಲದೆಂಬುದಕ್ಕೆ ಅವು ಸಾಕ್ಷಿಗಳಾಗಿವೆ.

ಮಲೆನಾಡಿನ ಅಡಿಕೆಯ ತೋಟಗಳಲ್ಲಿ ಹಾರುವ ಓತಿಯೊಂದಿದೆ. ಪೂರ್ಣಚಂದ್ರ ತೇಜಸ್ವಿಯವರು ೧೯೮೦ರಲ್ಲಿ ಪ್ರಕಟಿಸಿದ 'ಕರ್ವಾಲೊ' ಕಾದಂಬರಿಯ ಮೂಲಕ ಇದು ಕನ್ನಡಿಗರೆಲ್ಲರಿಗೂ ಪರಿಚಿತವಾಯಿತು. ಇದರ ಪೊರೆಯನ್ನು ಹಿಡಿದಿರುವುದು ಕೈಯೂ ಅಲ್ಲ, ಕಾಲೂ ಅಲ್ಲ. ಉದ್ದವಾಗಿ ಬೆಳೆದ ಪಕ್ಕೆಲುಬುಗಳೇ ಅದಕ್ಕೆ ಆಧಾರ. ಹೀಗೆ ಒಂದೇ ಕೆಲಸಕ್ಕೆ ಬೇರೆ ಬೇರೆ ವಂಶಗಳು ತಮ್ಮಲ್ಲಿ ಇದ್ದದ್ದನ್ನೇ ಬಳಸಿಕೊಂಡುದನ್ನು ಗಮನಿಸಿರಿ.

೨. ಕೈ ಒಂದೇ, ರೆಕ್ಕೆಗಳು ಮೂರು

ನಿಮ್ಮ ಬಲಗೈಯನ್ನು ಮುಂದೆ ಚಾಚಿ ನೋಡಿರಿ. ತೋಳಿನಲ್ಲಿ ಒಂದು ಎಲುಬು, ಮುಂಗೈಯಲ್ಲಿ ಎರಡು, ಮಣಿಕಟ್ಟಿನಲ್ಲಿ ಚಿಕ್ಕ ಚಿಕ್ಕ ಎಲುಬುಗಳು, ಆಮೇಲೆ ಅಂಗೈ, ಐದು ಬೆರಳುಗಳು. ಟೆರೋಸಾರ್‌, ಪಕ್ಷಿ, ಬಾವಲಿ ಈ ಮೂರರ ರೆಕ್ಕೆಯಲ್ಲಿಯೂ ಇರುವುದು ಇದೇ ಕೈ. ಆದರೆ ಮೂರೂ ಅದನ್ನು ಮೂರು ವಿಧವಾಗಿ ತಿದ್ದಿಕೊಂಡಿವೆ.

ಟೆರೋಸಾರ್‌ಗಳಲ್ಲಿ ನಾಲ್ಕನೆಯ ಬೆರಳೊಂದೇ ಅತಿಯಾಗಿ ಬೆಳೆದು ಪೊರೆಯನ್ನು ಹೊತ್ತಿತ್ತು. ಸುಮಾರು ೨೨ ಕೋಟಿ ವರ್ಷಗಳ ಹಿಂದೆ ಕಾಣಿಸಿಕೊಂಡ ಈ ವಂಶದಲ್ಲಿ ಕೊನೆಕೊನೆಗೆ ರೆಕ್ಕೆಯ ತುದಿಯಿಂದ ತುದಿಗೆ ಸುಮಾರು ೧೦ ಮೀಟರ್‌ ಅಗಲದ ದೈತ್ಯರೂ ಇದ್ದರು. ಪಕ್ಷಿಗಳಲ್ಲಿ ಬೆರಳುಗಳು ಮೂರಕ್ಕೆ ಇಳಿದು, ಕೂಡಿಕೊಂಡು, ಮೊಂಡಾದವು. ಗಾಳಿಯನ್ನು ಹಿಡಿಯುವ ಕೆಲಸವನ್ನು ಗರಿಗಳು ವಹಿಸಿಕೊಂಡವು. ಬಾವಲಿಯಲ್ಲಿ ಹೆಬ್ಬೆರಳು ಬಿಡಿಯಾಗಿ ಕೊಕ್ಕೆಯಂತೆ ಉಳಿದು, ಮಿಕ್ಕ ನಾಲ್ಕು ಬೆರಳುಗಳು ನೀಳವಾದವು. ಅವುಗಳ ನಡುವೆ ತೊಗಲು ಹಬ್ಬಿತು. ನಮ್ಮೂರುಗಳ ದೊಡ್ಡ ಮರಗಳಲ್ಲಿ ಹಗಲೆಲ್ಲಾ ತಲೆಕೆಳಗಾಗಿ ನೇತಾಡುವ ಹಣ್ಣುತಿನ್ನುವ ಬಾವಲಿಯ ರೆಕ್ಕೆಯು ನಾಲ್ಕು ಅಡಿಯಷ್ಟು ಅಗಲವಾಗಿ ಹರಡಬಲ್ಲದು. ಅದು ಹಕ್ಕಿಯಲ್ಲ, ಮರಿಗೆ ಹಾಲೂಡಿಸುವ ಸಸ್ತನಿ. ಇಂದು ಲೋಕದಲ್ಲಿರುವ ಸಸ್ತನಿ ಜಾತಿಗಳಲ್ಲಿ ಐದರಲ್ಲೊಂದು ಪಾಲು ಬಾವಲಿಗಳೇ. ನಮ್ಮ ರಾಜ್ಯದಲ್ಲಿಯೇ ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಗುಹೆಯಲ್ಲಿ ಮಾತ್ರ ಬದುಕಿರುವ ಒಂದು ಚಿಕ್ಕ ಬಾವಲಿಯ ಜಾತಿಯಿದೆ. ಶಾಸ್ತ್ರಜ್ಞರು ಅದನ್ನು ೧೯೯೪ರಲ್ಲಿ ಹೊಸ ಜಾತಿಯೆಂದು ವರ್ಣಿಸಿದರು.

ಬೆರಳುಗಳ ನಡುವಣ ತೊಗಲು ಎಲ್ಲಿಂದ ಬಂತೆಂದು ಕೇಳುವಿರಾ? ತಾಯಿಯ ಗರ್ಭದಲ್ಲಿ ಮನುಷ್ಯನ ಶಿಶುವಿನ ಬೆರಳುಗಳ ನಡುವೆಯೂ ಮೊದಲು ತೊಗಲು ಇರುತ್ತದೆ. ಕೆಲವು ವಾರಗಳಲ್ಲಿ ಅದು ಕರಗಿ ಬೆರಳುಗಳು ಬಿಡಿಯಾಗುತ್ತವೆ. ಬಾವಲಿಯ ಭ್ರೂಣದಲ್ಲಿ ಅದು ಕರಗದೆ ಉಳಿಯುತ್ತದೆ. ಬೆರಳಿನ ಎಲುಬುಗಳೂ ಬೇಗ ಬೇಗ ಉದ್ದವಾಗುತ್ತವೆ. ಇವೆರಡಕ್ಕೂ ಕಾರಣವಾದ ಭ್ರೂಣದೊಳಗಿನ ರಾಸಾಯನಿಕ ಸೂಚನೆಗಳನ್ನು ೨೦೦೬ರಲ್ಲಿ ಪ್ರಕಟವಾದ ಸಂಶೋಧನೆಗಳು ತೋರಿಸಿಕೊಟ್ಟವು. ಹೊಸ ಅವಯವವೊಂದು ಶೂನ್ಯದಿಂದ ಹುಟ್ಟಲಿಲ್ಲ. ಹಳೆಯ ಕೈಯೇ ಬೆಳೆಯುವ ಕ್ರಮದಲ್ಲಿ ಮಾರ್ಪಾಡಾಯಿತು.

ಅಮೆರಿಕದ ವಯೋಮಿಂಗ್ ಪ್ರಾಂತದಲ್ಲಿ ದೊರೆತು, ೨೦೦೮ರಲ್ಲಿ ವರ್ಣಿಸಲ್ಪಟ್ಟ ಒಂದು ಬಾವಲಿಯ ಪಳೆಯುಳಿಕೆಯು ಸುಮಾರು ೫ ಕೋಟಿ ೨೦ ಲಕ್ಷ ವರ್ಷಗಳಷ್ಟು ಹಳೆಯದು. ಈಗಿನ ಬಾವಲಿಗಳಿಗೆ ಒಂದೋ ಎರಡೋ ಬೆರಳುಗಳಿಗೆ ಮಾತ್ರ ಉಗುರಿರುತ್ತದೆ. ಆ ಪ್ರಾಚೀನ ಬಾವಲಿಗೋ ಐದು ಬೆರಳುಗಳಿಗೂ ಉಗುರುಗಳಿದ್ದವು. ಮರ ಹತ್ತುತ್ತಿದ್ದ ಪೂರ್ವಿಕರ ಗುರುತು ಹಾರುವ ಕೈಯ ಮೇಲೆ ಇನ್ನೂ ಅಳಿಸಿರಲಿಲ್ಲ.

೩. ಗರಿ ಮೊದಲು, ಹಾರಾಟ ಆಮೇಲೆ

ಜರ್ಮನಿಯ ಬವೇರಿಯಾ ಸೀಮೆಯ ಸುಣ್ಣಕಲ್ಲಿನ ಗಣಿಗಳಲ್ಲಿ ದೊರೆತ ಒಂದು ಪಳೆಯುಳಿಕೆಗೆ ೧೮೬೧ರಲ್ಲಿ ಆರ್ಕಿಯಾಪ್ಟೆರಿಕ್ಸ್ ಎಂದು ಹೆಸರಿಟ್ಟರು. ಸುಮಾರು ೧೫ ಕೋಟಿ ವರ್ಷಗಳ ಹಿಂದೆ ಬದುಕಿದ್ದ ಈ ಪ್ರಾಣಿಗೆ ಹಕ್ಕಿಯಂತೆ ಗರಿಗಳ ರೆಕ್ಕೆಯೂ, ಸರೀಸೃಪದಂತೆ ಹಲ್ಲುಗಳೂ, ಎಲುಬಿನ ಉದ್ದ ಬಾಲವೂ, ರೆಕ್ಕೆಯ ಬೆರಳುಗಳಲ್ಲಿ ಉಗುರುಗಳೂ ಇದ್ದವು. ಆಮೇಲೆ ೧೯೯೬ರಲ್ಲಿ ಚೀನಾ ದೇಶದಿಂದ ಇನ್ನೊಂದು ಆಶ್ಚರ್ಯದ ವರ್ತಮಾನ ಬಂದಿತು. ಹಾರಲು ಎಷ್ಟು ಮಾತ್ರವೂ ಸಾಧ್ಯವಿಲ್ಲದ, ನೆಲದ ಮೇಲೆ ಎರಡು ಕಾಲುಗಳಿಂದ ಓಡಾಡುತ್ತಿದ್ದ ಒಂದು ಚಿಕ್ಕ ಡೈನೋಸಾರಿನ ಮೈಮೇಲೆ ನವಿರಾದ ಗರಿಯ ತುಪ್ಪುಳು ಇದ್ದದ್ದು ಕಂಡುಬಂದಿತು. ಅಂದಿನಿಂದ ಇಂತಹವು ಹಲವು ದೊರೆತಿವೆ.

ಇದರಿಂದ ತಿಳಿಯುವುದೇನು? ಗರಿಯು ಹಾರಾಟಕ್ಕಾಗಿ ಹುಟ್ಟಿದ್ದಲ್ಲ. ಮೊದಲು ಅದು ಮೈಯನ್ನು ಬೆಚ್ಚಗಿಡುವ ಹೊದಿಕೆಯಾಗಿ, ಜೊತೆಯನ್ನು ಆಕರ್ಷಿಸುವ ಅಲಂಕಾರವಾಗಿ ಪ್ರಯೋಜನಕ್ಕೆ ಬಂದಿರಬೇಕು. ಕಾವು ಕೂತ ಕೋಳಿಯನ್ನೂ ಗರಿಗೆದರಿ ಕುಣಿಯುವ ನವಿಲನ್ನೂ ನೋಡಿದವರಿಗೆ ಈ ಎರಡು ಪ್ರಯೋಜನಗಳನ್ನು ವಿವರಿಸಬೇಕಾಗಿಲ್ಲ. ಬೇರೆ ಕೆಲಸಕ್ಕೆ ಬೆಳೆದ ಗರಿಯು ಕಾಲಾನಂತರದಲ್ಲಿ ಗಾಳಿಯನ್ನು ಹಿಡಿಯುವ ಕೆಲಸಕ್ಕೂ ಒದಗಿತು.

ಇನ್ನು ಅರ್ಧ ರೆಕ್ಕೆಯ ಪ್ರಶ್ನೆಗೆ ನೇರವಾದ ಉತ್ತರವೊಂದನ್ನು ಅಮೆರಿಕದ ಕೆನೆತ್ ಡಯಲ್ ಎಂಬವರು ೨೦೦೩ರಲ್ಲಿ ಕೊಟ್ಟರು. ಅವರು ಕೌಜುಗದ ಬಳಗಕ್ಕೆ ಸೇರಿದ ಚುಕಾರ್ ಎಂಬ ಹಕ್ಕಿಯ ಮರಿಗಳನ್ನು ಪರೀಕ್ಷಿಸಿದರು. ಇನ್ನೂ ಹಾರಲಾರದ ಮರಿಗಳು ಕಡಿದಾದ ಇಳಿಜಾರನ್ನು ಹತ್ತುವಾಗ ತಮ್ಮ ಮೊಳಕೆ ರೆಕ್ಕೆಗಳನ್ನು ಬಿರುಸಾಗಿ ಬಡಿಯುತ್ತಿದ್ದವು. ಆ ಬಡಿತವು ಮರಿಯನ್ನು ಮೇಲಕ್ಕೆತ್ತುವುದಕ್ಕಿಂತ ಹೆಚ್ಚಾಗಿ ಅದರ ಪಾದಗಳನ್ನು ನೆಲಕ್ಕೆ ಒತ್ತಿ, ಜಾರದಂತೆ ಹಿಡಿತ ಕೊಡುತ್ತಿತ್ತು. ರೆಕ್ಕೆ ಬೆಳೆದಷ್ಟೂ ಹತ್ತಬಲ್ಲ ಇಳಿಜಾರು ಇನ್ನೂ ಕಡಿದಾಗುತ್ತ ಹೋಯಿತು. ಪಕ್ಷಿಗಳ ಪೂರ್ವಿಕರು ಮರದಿಂದ ಇಳಿಯುತ್ತ ಹಾರಲಾರಂಭಿಸಿದರೋ, ನೆಲದಿಂದ ಏರುತ್ತ ಹಾರಲಾರಂಭಿಸಿದರೋ ಎಂಬ ವಾದವು ಪಂಡಿತರಲ್ಲಿ ಇನ್ನೂ ಮುಗಿದಿಲ್ಲ. ಆದರೆ ಅರ್ಧ ರೆಕ್ಕೆಯು ವ್ಯರ್ಥವೆಂಬ ಮಾತು ಮಾತ್ರ ಇನ್ನು ನಿಲ್ಲಲಾರದು.

೪. ಎಲ್ಲರಿಗಿಂತ ಮೊದಲು ಹಾರಿದವು

ಈ ಮೂರು ವಂಶಗಳೂ ಹುಟ್ಟುವುದಕ್ಕೆ ಬಹುಕಾಲ ಮುಂಚೆ ಆಕಾಶವು ಕೀಟಗಳದ್ದಾಗಿತ್ತು. ರೆಕ್ಕೆಯುಳ್ಳ ಕೀಟಗಳ ಅತಿ ಹಳೆಯ ಪಳೆಯುಳಿಕೆಗಳು ಸುಮಾರು ೩೨ ಕೋಟಿ ವರ್ಷಗಳಷ್ಟು ಪುರಾತನವಾದವು. ಫ್ರಾನ್ಸ್ ದೇಶದ ಕಲ್ಲಿದ್ದಲ ಗಣಿಯಲ್ಲಿ ದೊರೆತು ೧೮೮೫ರಲ್ಲಿ ಮೆಗಾನ್ಯೂರ ಎಂಬ ಹೆಸರನ್ನು ಪಡೆದ ಕೀಟವು ನಮ್ಮ ಕೆರೆಯ ಮೇಲೆ ಹಾರಾಡುವ ಏರೋಪ್ಲೇನ್ ಚಿಟ್ಟೆಯ ದೂರದ ಬಂಧು. ಅದರ ರೆಕ್ಕೆಗಳ ಅಗಲ ಎರಡು ಅಡಿಗೂ ಮೀರಿತ್ತು.

ಕೀಟದ ರೆಕ್ಕೆಯು ಕೈಯಿಂದ ಆದದ್ದಲ್ಲ. ಆರು ಕಾಲುಗಳೂ ಇದ್ದ ಹಾಗೆಯೇ ಇದ್ದು, ಎದೆಯ ಭಾಗದಿಂದ ರೆಕ್ಕೆಗಳು ಹೆಚ್ಚಾಗಿ ಹೊರಟಿವೆ. ಇದರ ಮೂಲವನ್ನು ಕುರಿತು ಎರಡು ಅಭಿಪ್ರಾಯಗಳಿವೆ. ಎದೆಯ ಬೆನ್ನಿನ ತಟ್ಟೆಯು ಪಕ್ಕಕ್ಕೆ ಚಾಚಿ ರೆಕ್ಕೆಯಾಯಿತೆಂಬುದು ಒಂದು. ಪೂರ್ವಿಕರ ಕಾಲಿನ ಬುಡದಲ್ಲಿದ್ದ ಕಿವಿರಿನಂತಹ ಎಸಳು ರೆಕ್ಕೆಯಾಯಿತೆಂಬುದು ಇನ್ನೊಂದು. ಎರಡೂ ಭಾಗಗಳು ಕೂಡಿ ರೆಕ್ಕೆಯಾಗಿರಬಹುದೆಂದು ಈಗ ಅನೇಕರು ಭಾವಿಸುತ್ತಾರೆ. ಹಳೆಯ ಪುಸ್ತಕಗಳ ನಡುವೆ ಬೆಳ್ಳಿಯಂತೆ ಹೊಳೆಯುತ್ತ ಓಡುವ ಹುಳುವನ್ನು ಕಂಡಿದ್ದೀರಲ್ಲವೇ? ಅದರ ವಂಶವು ರೆಕ್ಕೆ ಹುಟ್ಟುವುದಕ್ಕೆ ಮುಂಚೆಯೇ ಬೇರೆಯಾದದ್ದು. ಅದಕ್ಕೆ ಎಂದೂ ರೆಕ್ಕೆಯಿರಲಿಲ್ಲ. ಅದರ ಹತ್ತಿರದ ಬಂಧುಗಳಾಗಿ ಮರಗಳಲ್ಲಿ ವಾಸಿಸುವ ಕೆಲವು ಹುಳುಗಳು ರೆಕ್ಕೆಯಿಲ್ಲದಿದ್ದರೂ ಕೆಳಗೆ ಬೀಳುವಾಗ ಮೈಯನ್ನು ತಿರುಗಿಸಿ ಮರದ ಕಾಂಡವನ್ನೇ ಸೇರುತ್ತವೆ. ಇಲ್ಲಿಯೂ ಬೀಳುವುದನ್ನು ಹತೋಟಿಗೆ ತರುವುದೇ ಮೊದಲ ಮೆಟ್ಟಿಲಾಗಿರಬಹುದು.

ಏರೋಪ್ಲೇನ್ ಚಿಟ್ಟೆಯು ತನ್ನ ನಾಲ್ಕು ರೆಕ್ಕೆಗಳನ್ನೂ ಬೇರೆ ಬೇರೆಯಾಗಿ ಆಡಿಸಬಲ್ಲದು. ಜೇನುನೊಣದ ಮುಂದಿನ ಮತ್ತು ಹಿಂದಿನ ರೆಕ್ಕೆಗಳನ್ನು ಸಣ್ಣ ಕೊಕ್ಕೆಗಳು ಕೂಡಿಸಿ ಒಂದಾಗಿ ಮಾಡುತ್ತವೆ. ಅದರ ರೆಕ್ಕೆಯು ಒಂದು ಸೆಕೆಂಡಿಗೆ ಇನ್ನೂರಕ್ಕೂ ಹೆಚ್ಚು ಸಲ ಬಡಿಯುತ್ತದೆ. ನೊಣದ ಹಿಂದಿನ ಜೊತೆ ರೆಕ್ಕೆಗಳು ಕಿರಿದಾಗಿ ಎರಡು ಪುಟ್ಟ ಗುಂಡುಗಳಾಗಿವೆ. ಅವು ಹಾರುವಾಗ ಮೈಯ ಹೊರಳಾಟವನ್ನು ನೊಣಕ್ಕೆ ತಿಳಿಸಿ ಸಮತೋಲವನ್ನು ಕಾಪಾಡುತ್ತವೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಸಂಜಯ್ ಸಾನೆಯವರೂ ಅವರ ಶಿಷ್ಯರೂ ಈ ಗುಂಡುಗಳು ರೆಕ್ಕೆಯೊಡನೆ ಹೇಗೆ ತಾಳ ತಪ್ಪದೆ ಆಡುತ್ತವೆಂಬುದನ್ನು ಶೋಧಿಸಿ ೨೦೧೫ರಲ್ಲಿ ಪ್ರಕಟಿಸಿದರು. ಮಳೆಗಾಲದಲ್ಲಿ ನಮ್ಮ ಹೊಲಗಳ ಮೇಲೆ ಗುಂಪುಗುಂಪಾಗಿ ಹಾರಾಡುವ ಹಳದಿ ಬಣ್ಣದ ಏರೋಪ್ಲೇನ್ ಚಿಟ್ಟೆಯು ಭಾರತದಿಂದ ಮಾಲ್ಡೀವ್ಸ್ ದ್ವೀಪಗಳ ಮೇಲಾಗಿ ಸಮುದ್ರವನ್ನು ದಾಟಿ ಆಫ್ರಿಕವನ್ನು ಸೇರುವ ಜಾತಿಯೆಂದು ಚಾರ್ಲ್ಸ್ ಆಂಡರ್ಸನ್ ಎಂಬ ಜೀವಶಾಸ್ತ್ರಜ್ಞರು ೨೦೦೯ರಲ್ಲಿ ಪ್ರತಿಪಾದಿಸಿದರು.

೫. ರೆಕ್ಕೆಯನ್ನು ಬಿಟ್ಟುಕೊಟ್ಟವು

ಹಾರಾಟವು ಪುಕ್ಕಟೆಯಾಗಿ ದೊರೆಯುವುದಲ್ಲ. ರೆಕ್ಕೆಯನ್ನು ಬೆಳೆಸುವುದಕ್ಕೂ ಬಡಿಯುವುದಕ್ಕೂ ಬಹಳ ಆಹಾರ ಬೇಕು. ಆದುದರಿಂದ ಉಪಯೋಗ ತಪ್ಪಿದಾಗ ರೆಕ್ಕೆಯೂ ಕುಗ್ಗುತ್ತದೆ. ಮೊದಲ ಮಳೆಯ ಸಂಜೆ ಹುತ್ತದಿಂದ ಹೊರಟು ದೀಪಕ್ಕೆ ಮುತ್ತುವ ರೆಕ್ಕೆಯ ಗೆದ್ದಲನ್ನು ನೋಡಿರಿ. ಸ್ವಲ್ಪ ಹೊತ್ತು ಹಾರಿದ ಬಳಿಕ ಅದು ರೆಕ್ಕೆಯನ್ನು ಬುಡದ ಗೆರೆಯಲ್ಲಿಯೇ ಕಳಚಿಬಿಟ್ಟು, ಜೊತೆಯೊಡನೆ ಮಣ್ಣನ್ನು ಸೇರುತ್ತದೆ. ಹೊಸ ಹುತ್ತಕ್ಕೆ ಸ್ಥಳ ಹುಡುಕುವಷ್ಟೇ ಅದರ ರೆಕ್ಕೆಯ ಕೆಲಸ. ಮಣ್ಣಿನೊಳಗೇ ದುಡಿಯುವ ಆಳು ಗೆದ್ದಲುಗಳಿಗಂತೂ ರೆಕ್ಕೆಯೇ ಮೂಡುವುದಿಲ್ಲ.

ಕೊಳ್ಳೇಗಾಲ, ಸಂತೇಮರಹಳ್ಳಿಗಳ ಕಡೆಯ ರೇಷ್ಮೆ ಬೆಳೆಗಾರರ ಮನೆಗಳಿಂದ ಬಂದವರಿಗೆ ಇನ್ನೊಂದು ಉದಾಹರಣೆಯು ಚೆನ್ನಾಗಿ ಗೊತ್ತಿರಬೇಕು. ಮೊಟ್ಟೆಗಾಗಿ ಬಿತ್ತನೆ ಕೋಠಿಯಲ್ಲಿ ಇಟ್ಟ ಗೂಡಿನಿಂದ ಹೊರಬರುವ ರೇಷ್ಮೆ ಚಿಟ್ಟೆಗೆ ನಾಲ್ಕು ರೆಕ್ಕೆಗಳಿವೆ, ಅದು ಅವನ್ನು ಪಟಪಟನೆ ಬಡಿಯುವುದೂ ಉಂಟು, ಆದರೆ ಹಾರಲಾರದು. ಅದರ ಕಾಡಿನ ಬಂಧುವಾದ ಚಿಟ್ಟೆಯು ಚೀನಾದಲ್ಲಿ ಇಂದಿಗೂ ಹಾರುತ್ತದೆ. ಸಾವಿರಾರು ವರ್ಷಗಳವರೆಗೆ ಮನುಷ್ಯನು ಹೆಚ್ಚು ನೂಲು ಕೊಡುವ ಹುಳುಗಳನ್ನೇ ಆರಿಸಿ ಸಾಕಿದನು. ಸೊಪ್ಪನ್ನು ತಂದುಹಾಕುವವನು ಅವನೇ, ಜೊತೆಯನ್ನು ಒದಗಿಸುವವನೂ ಅವನೇ ಆದಮೇಲೆ, ಹಾರಲಾರದ ಚಿಟ್ಟೆಗೆ ಯಾವ ನಷ್ಟವೂ ಇಲ್ಲವಾಯಿತು.

೬. ರಣಹದ್ದು ಹೇಳುವ ಪಾಠ

ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಎತ್ತರ ೧೪೫೪ ಮೀಟರ್‌. ಬಿಸಿಲೇರಿದ ಮೇಲೆ ಇಂತಹ ಬೆಟ್ಟಗಳ ಪಕ್ಕದಲ್ಲಿ ಬೆಚ್ಚನೆಯ ಗಾಳಿಯು ಮೇಲಕ್ಕೆ ಏಳುತ್ತದೆ. ರಣಹದ್ದು ತನ್ನ ವಿಶಾಲವಾದ ರೆಕ್ಕೆಗಳನ್ನು ಬಡಿಯದೆ, ಅಂತಹ ಗಾಳಿಯನ್ನೇರಿ ಸುತ್ತುತ್ತ ಸುತ್ತುತ್ತ ಮೇಲೆ ಹೋಗಿ, ಮೈಲುಗಟ್ಟಲೆ ದೂರದವರೆಗೆ ಸತ್ತ ಪ್ರಾಣಿಗಳನ್ನು ಹುಡುಕಿ ಊರನ್ನೂ ಕಾಡನ್ನೂ ಶುಚಿಯಾಗಿಡುತ್ತದೆ. ಕಡಮೆ ಶ್ರಮದಿಂದ ಹೆಚ್ಚು ದೂರ ಸಂಚರಿಸುವ ವಿದ್ಯೆಯಲ್ಲಿ ಇದಕ್ಕೆ ಸಮನಾದವು ಕೆಲವೇ.

೧೯೯೦ರ ದಶಕದಲ್ಲಿ ಈ ಪಕ್ಷಿಗಳು ದೇಶದಲ್ಲೆಲ್ಲಾ ಸಾಯತೊಡಗಿದವು. ಬಿಳಿಬೆನ್ನಿನ ರಣಹದ್ದುಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತಕ್ಕೂ ಹೆಚ್ಚು ಪಾಲು ಹದಿನೈದು ವರ್ಷಗಳೊಳಗಾಗಿ ನಾಶವಾದವು. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧಿಯೇ ಕಾರಣವೆಂದು ೨೦೦೪ರಲ್ಲಿ ತಿಳಿದುಬಂದಿತು. ಅದು ಉಳಿದಿದ್ದ ಹೆಣವನ್ನು ತಿಂದ ಹದ್ದುಗಳ ಮೂತ್ರಪಿಂಡಗಳು ಕೆಟ್ಟು ಅವು ಸಾಯುತ್ತಿದ್ದವು. ದನಗಳಿಗೆ ಆ ಔಷಧಿಯನ್ನು ಕೊಡುವುದನ್ನು ಭಾರತ ಸರ್ಕಾರವು ೨೦೦೬ರಲ್ಲಿ ನಿಷೇಧಿಸಿತು. ಅಂತಹದೇ ಕೇಡು ಮಾಡುವ ಕೀಟೊಪ್ರೊಫೆನ್, ಅಸಿಕ್ಲೋಫೆನಾಕ್ ಎಂಬ ಇನ್ನೆರಡನ್ನು ೨೦೨೩ರಲ್ಲಿ ನಿಷೇಧಿಸಿತು. ರಾಮನಗರದ ರಾಮದೇವರ ಬೆಟ್ಟವು ೨೦೧೨ರಲ್ಲಿ ರಣಹದ್ದುಗಳ ರಕ್ಷಿತಧಾಮವಾಯಿತು. ದಕ್ಷಿಣ ಭಾರತದಲ್ಲಿ ಉಳಿದಿರುವ ಬಿಳಿಬೆನ್ನಿನ ರಣಹದ್ದುಗಳಿಗೆ ಬಂಡೀಪುರ, ಮುದುಮಲೆ, ವಯನಾಡುಗಳ ಕಾಡುಗಳೇ ಮುಖ್ಯ ಆಶ್ರಯವಾಗಿವೆ. ಅಂದರೆ, ಇವುಗಳ ಉಳಿವು ಅಳಿವು ಬಹುಮಟ್ಟಿಗೆ ನಮ್ಮ ಸೀಮೆಯ ದನದ ಕೊಟ್ಟಿಗೆಗಳಲ್ಲಿ ಯಾವ ಔಷಧಿಯನ್ನು ಕೊಡುತ್ತೇವೆಂಬುದನ್ನು ಅವಲಂಬಿಸಿದೆ.

ಒಂದೊಂದು ಮೆಟ್ಟಿಲೂ ತನ್ನ ಪ್ರಯೋಜನವನ್ನು ತೋರಿಸಿ ಉಳಿದುದರಿಂದಲೇ ರೆಕ್ಕೆಯೆಂಬುದು ಉಂಟಾಯಿತು. ಕೋಟ್ಯಂತರ ವರ್ಷಗಳಲ್ಲಿ ಹೀಗೆ ಕೂಡಿಬಂದದ್ದನ್ನು ಮನುಷ್ಯನು ಹದಿನೈದು ವರ್ಷಗಳಲ್ಲಿ ಕಳೆಯಬಲ್ಲನು. ಮರಳಿ ಕಟ್ಟುವ ವಿದ್ಯೆಯು ಅವನಲ್ಲಿಲ್ಲ. ನಿಮ್ಮ ಮನೆಯ ಹಸು ಕಾಯಿಲೆ ಬಿದ್ದಾಗ, ಯಾವ ಔಷಧಿಯನ್ನು ಕೊಡುತ್ತೀರೆಂದು ಪಶುವೈದ್ಯರನ್ನು ವಿನಯದಿಂದ ಕೇಳಿರಿ. ಮನೆಯವರಿಗೂ ಕಾರಣವನ್ನು ತಿಳಿಸಿರಿ.

ನೀವೇ ಮಾಡಿ ನೋಡತಕ್ಕವು

(೧) ಒಂದೇ ಅಳತೆಯ ಎರಡು ಕಾಗದಗಳಲ್ಲಿ ಒಂದನ್ನು ಉಂಡೆ ಮಾಡಿ, ಇನ್ನೊಂದನ್ನು ಹರಡಿ, ಒಂದೇ ಎತ್ತರದಿಂದ ಬಿಡಿರಿ. ಯಾವುದು ಮೊದಲು ನೆಲವನ್ನು ಸೇರುತ್ತದೆ? ಹಾರುವ ಅಳಿಲಿನ ಪೊರೆಗೂ ಇದಕ್ಕೂ ಸಂಬಂಧವೇನು?

(೨) ಮನೆಯಲ್ಲಿ ಕೋಳಿಯ ಅಡಿಗೆಯಾದಾಗ ರೆಕ್ಕೆಯ ಎಲುಬುಗಳನ್ನು ತೊಳೆದು ಜೋಡಿಸಿ, ನಿಮ್ಮ ತೋಳು, ಮುಂಗೈ, ಬೆರಳುಗಳೊಡನೆ ಹೋಲಿಸಿ ಚಿತ್ರ ಬರೆಯಿರಿ.

(೩) ದೀಪದ ಕೆಳಗೆ ಉದುರಿದ ಗೆದ್ದಲಿನ ರೆಕ್ಕೆಯನ್ನು ಭೂತಗನ್ನಡಿಯಿಂದ ನೋಡಿರಿ. ಅದು ಹರಿದಿದೆಯೇ, ಇಲ್ಲವೆ ನೇರವಾದ ಗೆರೆಯಲ್ಲಿ ಕಳಚಿದೆಯೇ?

(೪) ಕೋಳಿಮರಿಗಳು ಇಳಿಜಾರಾದ ಹಲಗೆಯನ್ನು ಹತ್ತುವಾಗ ರೆಕ್ಕೆಗಳನ್ನು ಏನು ಮಾಡುತ್ತವೆಂದು ದಿನವೂ ಗುರುತು ಹಾಕಿಕೊಳ್ಳಿರಿ. ಮೂರು ವಾರಗಳ ಬಳಿಕ ಆ ಗುರುತುಗಳನ್ನು ತರಗತಿಗೆ ತನ್ನಿರಿ.